ಸೀಸದ ಮುದ್ರೆ ಬಿದ್ದ ಸೂತ್ರ

ಊರಿನ ತಕ್ಕಡಿಗಳೆಲ್ಲ ಯಾರ ಹೆಸರು ಕೇಳಿದರೆ ನಡುಗುತ್ತಿದ್ದವೋ, ಆ ತೂಕ-ಅಳತೆ ಇನ್ಸ್‌ಪೆಕ್ಟರ್ ಸಾಹೇಬರು ತಮ್ಮ ಮನೆಯ ಸಿಂಕಿನ ಮುಂದೆ ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತಿದ್ದರು. ಕಚೇರಿಯ ಡ್ರೈವರ್ ಫೈಲಿಗೆ ಸಹಿ ಹಾಕಿಸಿಕೊಳ್ಳಲು ಅದೇ ಹೊತ್ತಿಗೆ ಬರಬೇಕೆ! ಅಭ್ಯಾಸಬಲದಿಂದ ಅವನು ಸೆಲ್ಯೂಟು ಹೊಡೆದ. ಸಾಹೇಬರೂ ಸೌಟು ಹಿಡಿದ ಕೈಯಲ್ಲೇ ಪ್ರತಿವಂದನೆ ಸಲ್ಲಿಸಿದರು. ನೊರೆ ಫೈಲಿನ ಮೇಲೆ ಬಿತ್ತು. ಮರುದಿನ ಕಚೇರಿಯಲ್ಲಿ ಅವರು ಎದುರಾದಾಗಲೆಲ್ಲ ಎಲ್ಲರಿಗೂ ಕೆಮ್ಮು.

ಇಷ್ಟಕ್ಕೆಲ್ಲ ಕಾರಣ ಮಗಳು ತಯಾರಿಸಿದ ಆನ್‌ಲೈನ್ ಕ್ವಿಜ್. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯವರು ಫೋನ್ ಹಿಡಿದು ಕೂರಬೇಕು. ಸಾಹೇಬರು, ಹೆಂಡತಿ, ಮಗಳು, ಅತ್ತೆ, ಈ ನಾಲ್ವರಲ್ಲಿ ಸರದಿಯ ಮೇಲೆ ಒಬ್ಬರು ಹತ್ತು ಪ್ರಶ್ನೆ ಹಾಕುತ್ತಾರೆ, ಉಳಿದ ಮೂವರು ಆಡುತ್ತಾರೆ. ಅಂಕಪಟ್ಟಿ ಟಿ.ವಿ. ಮೇಲೆ ಮೂಡುತ್ತದೆ. ಕೊನೆಯಲ್ಲಿ ಬಂದವರಿಗೆ ಆ ವಾರವಿಡೀ ರಾತ್ರಿ ಊಟದ ಪಾತ್ರೆ ತೊಳೆಯುವ ಭಾಗ್ಯ. ಒಂಬತ್ತು ವಾರಗಳಲ್ಲಿ ಸಾಹೇಬರು ಮೂರು ವಾರ ಪ್ರಶ್ನೆ ಹಾಕಿ ಬಚಾವಾಗಿದ್ದರು. ಉಳಿದ ಆರು ವಾರವೂ ಕೊನೆಯ ಸ್ಥಾನ ಅವರದೇ.

ಹಾಗಂತ ಅವರು ದಡ್ಡರಲ್ಲ. ಸರಿ ಉತ್ತರಕ್ಕೆ ಹತ್ತು ಅಂಕ, ತಡವಾದ ಪ್ರತಿ ಸೆಕೆಂಡಿಗೆ ಒಂದು ಅಂಕ ಖೋತಾ ಎಂಬುದು ನಿಯಮ. ಸಾಹೇಬರು ಪ್ರಶ್ನೆಯನ್ನು ಎರಡು ಸಲ ಓದಿ, ನಾಲ್ಕೂ ಆಯ್ಕೆಗಳನ್ನು ತೂಗಿ, ಕನ್ನಡಕ ಒರೆಸಿಕೊಂಡು ಒತ್ತುವಷ್ಟರಲ್ಲಿ ಉತ್ತರ ಸರಿ, ಅಂಕ ಸೊನ್ನೆ.

"ಇದು ಜ್ಞಾನದ ಪರೀಕ್ಷೆಯೋ, ಹೆಬ್ಬೆರಳಿನ ಓಟವೋ?" ಎಂದು ಅವರು ಗುಡುಗಿದರು. "ಇಂಥ ತಕ್ಕಡಿ ಅಂಗಡೀಲಿ ಸಿಕ್ಕಿದ್ರೆ ಜಪ್ತಿ ಮಾಡ್ತಿದ್ದೆ."

"ಹಾಗಾದ್ರೆ ನೀನೇ ಒಂದು ಸೂತ್ರ ಬರಿ ಅಪ್ಪಾ, ನಾನು ಆ್ಯಪ್‌ಗೆ ಹಾಕ್ತೀನಿ," ಎಂದಳು ಮಗಳು.

ಸಾಹೇಬರು ಸೆಕೆಂಡನ್ನು ಕಿತ್ತೊಗೆದು ಶೇಕಡಾವಾರು ಪದ್ಧತಿ ತಂದರು. ಉತ್ತರಿಸಿದ್ದರಲ್ಲಿ ನೂರಕ್ಕೆ ಎಷ್ಟು ಸರಿ ಎಂಬುದಷ್ಟೇ ಲೆಕ್ಕ. ಹತ್ತನೆಯ ಭಾನುವಾರ ಮಗಳು ಪ್ರಶ್ನೆ ಹಾಕಿದಳು. ಹೆಂಡತಿಗೆ ಎಂಬತ್ತು, ಸಾಹೇಬರಿಗೆ ಎಪ್ಪತ್ತು. ಅತ್ತೆ ಮೊದಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಿ, ಫೋನನ್ನು ದಿಂಬಿನಡಿ ಸೇರಿಸಿ ಮಲಗಿಬಿಟ್ಟರು. ಅವರಿಗೆ ನೂರಕ್ಕೆ ನೂರು!

"ಅತ್ತೇ, ಮಿಕ್ಕ ಒಂಬತ್ತು ಪ್ರಶ್ನೆ?"

"ಗೊತ್ತಿಲ್ಲದ್ದಕ್ಕೆ ನಾನು ಬಾಯಿ ಹಾಕಲ್ಲ ಅಳಿಯಂದಿರೇ. ಎಲ್ಲರೂ ಹಾಗೇ ಇದ್ದುಬಿಟ್ರೆ ಮನೆ ಎಷ್ಟು ತಣ್ಣಗಿರತ್ತೆ," ಎಂದು ಅತ್ತೆ ಮಗ್ಗುಲು ಬದಲಿಸಿದರು.

ಆ ವಾರ ಪಾತ್ರೆ ತಿಕ್ಕುತ್ತಲೇ ಸಾಹೇಬರು ಗಹನ ಸಂಶೋಧನೆಗಿಳಿದರು. ಎರಡು ಪೆನ್ಸಿಲ್ ಸವೆದವು. ಶನಿವಾರ ಸಂಜೆ ಊಟದ ಮೇಜಿನ ಮುಂದೆ ನಿಂತು ಅಂತಿಮ ಸೂತ್ರ ಘೋಷಿಸಿದರು.

"ನೀವು ಸರಿ ಹೇಳಿದ್ರೆ, ತಪ್ಪು ಹೇಳಿದವರ ತಲೆಗೊಂದರಂತೆ ನಿಮಗೆ ಅಂಕ. ನೀವು ತಪ್ಪು ಹೇಳಿದ್ರೆ, ಸರಿ ಹೇಳಿದವರ ತಲೆಗೊಂದರಂತೆ ನಿಮಗೆ ಕಡಿತ. ಉತ್ತರ ಕೊಡದೆ ಬಿಟ್ಟರೆ ಅದೂ ತಪ್ಪೇ." (ಇದನ್ನು ಹೇಳುವಾಗ ಅವರು ಅತ್ತೆಯ ಕಡೆ ನೋಡಲಿಲ್ಲ.) "ಯಾರಿಗೂ ಗೊತ್ತಿಲ್ಲದ್ದು ಗೊತ್ತಿದ್ರೆ ಬಹುಮಾನ. ಎಲ್ಲರಿಗೂ ಗೊತ್ತಿರೋದೇ ಗೊತ್ತಿಲ್ದಿದ್ರೆ ದಂಡ. ಇದಕ್ಕಿಂತ ನ್ಯಾಯ ಬೇಕಾ?"

"ಹಳೇ ವಾರಗಳಿಗೆ ಹಾಕಿ ನೋಡಿದ್ರಾ?" ಎಂದಳು ಹೆಂಡತಿ.

"ನೋಡಿದೆ."

"ನೀವು ಎಷ್ಟನೆಯವರು?"

"ಅದು ಮುಖ್ಯ ಅಲ್ಲ."

"ಎಷ್ಟನೆಯವರು ರೀ?"

"ಮೊದಲನೆಯವನು," ಎಂದು ಸಾಹೇಬರು ಲೋಟದೊಳಗೆ ಹೇಳಿದರು.

"ಎರಡು ಪೆನ್ಸಿಲ್ ಸವೆಸಿದ್ದೂ ಸಾರ್ಥಕ ಆಯ್ತು ಬಿಡಿ. ನಾಳೆ ಪ್ರಶ್ನೆ ಹಾಕೋ ಸರದಿ ನಂದು," ಎಂದು ಅವಳು ತಟ್ಟೆ ಎತ್ತಿದಳು.

ನಾಳೆ ಯಾರೂ ತಕರಾರು ತೆಗೆಯಬಾರದಲ್ಲ! ಸಾಹೇಬರು ಸೂತ್ರವನ್ನು ದಪ್ಪ ಕಾಗದದ ಮೇಲೆ ಬರೆದು, ಫ್ರಿಜ್ಜಿನ ಹಿಡಿಗೆ ತಂತಿಯಿಂದ ಕಟ್ಟಿ, ಅಂಗಡಿಯ ತಕ್ಕಡಿಗೆ ಒತ್ತುವಂತೆಯೇ ಸೀಸದ ಮುದ್ರೆ ಒತ್ತಿದರು. (ಕಚೇರಿಯದಲ್ಲ, ತಾನೇ ಕೊಂಡ ಸೀಸ ಎಂದು ಮೂರು ಸಲ ಹೇಳಿದರು.) "ಮುದ್ರೆ ಬಿತ್ತು ಅಂದ್ರೆ ಒಂದು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ಒಡೆದವನಿಗೆ ನಾನು ಯಾವತ್ತೂ ದಯೆ ತೋರಿಸಿದ್ದಿಲ್ಲ."

ಭಾನುವಾರ ಟಿ.ವಿ. ಮೇಲೆ ಮೊದಲ ಪ್ರಶ್ನೆ ಮೂಡಿತು: ನಮ್ಮ ಮನೆಗೆ ದಿನಕ್ಕೆ ಎಷ್ಟು ಲೀಟರ್ ಹಾಲು ಬರುತ್ತದೆ?

ಸಾಹೇಬರು ಎರಡು ಸಲ ಓದಿದರು. ಇಪ್ಪತ್ತಾರು ವರ್ಷ ಊರಿನ ಲೀಟರುಗಳನ್ನೆಲ್ಲ ಅಳೆದ ಕೈ 'ಒಂದು' ಎಂದು ಒತ್ತಿತು. ಸರಿ ಉತ್ತರ ಒಂದೂವರೆ. ಅತ್ತೆ ಸರಿ, ಮಗಳು ಸರಿ, ಸಾಹೇಬರಿಗೆ ಎರಡು ಅಂಕ ಕಡಿತ.

ಎರಡನೆಯದು: ಮಗಳ ಚಪ್ಪಲಿಯ ಅಳತೆ ಎಷ್ಟು? ಮೂರನೆಯದು: ಅತ್ತೆ ಬೆಳಿಗ್ಗೆ ನುಂಗುವ ಮಾತ್ರೆಯ ಬಣ್ಣ ಯಾವುದು? ನಾಲ್ಕನೆಯದು: ಒಗೆಯುವ ಮಷೀನಿನಲ್ಲಿ ಸೋಪಿನ ಪುಡಿ ಯಾವ ಖಾನೆಗೆ?

"ಏನೇ ಇದು! ಇದೆಲ್ಲ ಸಾಮಾನ್ಯ ಜ್ಞಾನವಾ?"

"ಮಿಕ್ಕವರಿಗೆಲ್ಲ ಗೊತ್ತಿದೆಯಲ್ಲ, ಅಂದ್ಮೇಲೆ ಸಾಮಾನ್ಯವೇ. ನಾನು ಹೇಳ್ತಿಲ್ಲ, ನಿಮ್ಮ ಸೂತ್ರ ಹೇಳ್ತಿದೆ."

ಒಂಬತ್ತು ಪ್ರಶ್ನೆ ಮುಗಿಯುವಾಗ ಸಾಹೇಬರು ಸೊನ್ನೆಗಿಂತ ಹದಿನೆಂಟು ಮೆಟ್ಟಿಲು ಕೆಳಗಿದ್ದರು. ತಾನು ಈ ಮನೆಯಲ್ಲಿ ಬಾಡಿಗೆಗಿದ್ದೇನೋ ಎಂದು ಅವರಿಗೇ ಅನುಮಾನ ಬಂತು. ನಿಜಕ್ಕೂ ಸ್ವಲ್ಪ ನಾಚಿಕೆಯೂ ಆಯಿತು.

ಹತ್ತನೆಯ ಪ್ರಶ್ನೆ: ಪಾತ್ರೆ ತಿಕ್ಕುವ ಹೊಸ ಸ್ಕ್ರಬ್ಬರ್ ಎಲ್ಲಿದೆ?

ಸಾಹೇಬರು ಈ ಸಲ ಒಂದೇ ಸಲ ಓದಿದರು. ಸಿಂಕಿನ ಕೆಳಗೆ, ಬಕೆಟ್ಟಿನ ಹಿಂದೆ, ಹಳೆಯ ಡಬ್ಬಿಯೊಳಗೆ! ಅತ್ತೆ ತಪ್ಪಿದರು, ಮಗಳೂ ತಪ್ಪಿದಳು. "ಎರಡು ಅಂಕ! ನನಗೊಬ್ಬನಿಗೇ ಗೊತ್ತಿತ್ತು!" ಎಂದು ಸಾಹೇಬರು ಕುರ್ಚಿಯಿಂದ ನೆಗೆದೇಬಿಟ್ಟರು. ಅಂಕಪಟ್ಟಿ ಬಂತು: ಅತ್ತೆ ಎಂಟು, ಮಗಳು ಎಂಟು, ಸಾಹೇಬರು ಮೈನಸ್ ಹದಿನಾರು.

ಅವರ ಕಣ್ಣು ಫ್ರಿಜ್ಜಿನ ಕಡೆ ಹೊರಳಿತು. "ಆ ಸೂತ್ರದಲ್ಲಿ ಒಂದು ಚಿಕ್ಕ ತಿದ್ದುಪಡಿ..."

"ಮುದ್ರೆ ಒಡೆದವರಿಗೆ ಏನು ಶಿಕ್ಷೆ ಅಂದೆ ಅಪ್ಪಾ?"

ಸಾಹೇಬರು ಅಂಗಿಯ ತೋಳು ಮೇಲಕ್ಕೆ ಮಡಚಿದರು. ರಾತ್ರಿ ಊಟವಾದ ಮೇಲೆ ಹಾಲಿನ ಪಾತ್ರೆ ಉಜ್ಜುತ್ತ, ನಲ್ಲಿಯ ಸದ್ದಿನ ನಡುವೆ, ಆದಷ್ಟು ಸಹಜವಾದ ದನಿಯಲ್ಲಿ ಕೇಳಿದರು: "ಅತ್ತೇ, ನಿಮ್ಮ ಕನ್ನಡಕದ ನಂಬರ್ ಎಷ್ಟು?"

"ಅದನ್ನ ಈಗಲೇ ಯಾಕೆ ಹೇಳಲಿ ಅಳಿಯಂದಿರೇ?" ಎಂದರು ಅತ್ತೆ, ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. "ಮುಂದಿನ ಭಾನುವಾರ ಪ್ರಶ್ನೆ ಹಾಕೋದು ನಾನು."