ಇಪ್ಪತ್ತು ಕಳೆಯುವ ಮನೆ

ಸೆಕೆಂಡು ಸಾಹೇಬರ (ಆಫೀಸಿನವರು ಇಟ್ಟ ಹೆಸರು, ಪ್ರೀತಿಯಿಂದಲ್ಲ) ಮನೆಯಲ್ಲಿ ಎಲ್ಲವೂ ಇತ್ತು, ಸರಿಯಾದ ಸಮಯವೊಂದನ್ನು ಬಿಟ್ಟು. ನಡುಮನೆಯ ಗಡಿಯಾರವನ್ನು ಹೆಂಡತಿ ಮದುವೆಯಾದ ವಾರವೇ ಇಪ್ಪತ್ತು ನಿಮಿಷ ಮುಂದಿಟ್ಟಿದ್ದಳು, ಗಂಡ ಬೇಗ ಹೊರಡಲಿ ಎಂದು. ಅದು ಮುಂದಿದೆಯೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರೂ ಇಪ್ಪತ್ತು ಕಳೆದು ನಿಶ್ಚಿಂತೆಯಿಂದ ಕೂರುತ್ತಿದ್ದರು. ಹನ್ನೊಂದು ವರ್ಷದ ಆ ಕಳೆಯುವ ಲೆಕ್ಕವನ್ನು ಬರೆದಿಟ್ಟಿದ್ದರೆ ಕಾಗದ ಚಂದ್ರನ ತನಕ ಹೋಗಿ, ವಾಪಸು ಬರುವಾಗ ತಡವಾಗುತ್ತಿತ್ತು.

ಸಾಹೇಬರ ಕೆಲಸವೋ, ಆಫೀಸಿನ ಹಾಜರಾತಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು! ಯಂತ್ರವು ನೆಟ್‌ವರ್ಕಿನಲ್ಲಿ ಎಲ್ಲೋ ದೂರದ ಸರ್ವರನ್ನು "ಈಗೆಷ್ಟು ಗಂಟೆ?" ಎಂದು ಕೇಳಿ, ಬಂದ ಉತ್ತರವನ್ನು ಶಿರಸಾವಹಿಸಿ ತೋರಿಸಬೇಕು. ನಾಳೆ ಒಂಬತ್ತಕ್ಕೆ ಮ್ಯಾನೇಜರ್ ಮುಂದೆ ಅದರ ಪರೀಕ್ಷೆ. ತಡವಾಗಿ ಬಂದು ಈಗಾಗಲೇ ಎರಡು ಎಚ್ಚರಿಕೆ ಪಡೆದಿದ್ದ ಸಾಹೇಬರು ಹಳೆಯ ಗಡಿಯಾರ ಇಳಿಸಿ, ಅದೇ ಪ್ರೋಗ್ರಾಮಿಗೆ ಜೋಡಿಸಿದ ಹೊಸದೊಂದನ್ನು ಮನೆಗೂ ತೂಗುಹಾಕಿದರು.

"ಟೈಮ್ ಕೇಳೋಕೆ ಅಷ್ಟು ದೂರ ಹೋಗ್ಬೇಕಾ? ಪಕ್ಕದ ಮನೆಯವ್ರು ಹೇಳಲ್ವಾ?" ಎಂದಳು ಹೆಂಡತಿ.

"ಸರ್ವರ್ ಒಂದು ಸೆಕೆಂಡೂ ತಪ್ಪಲ್ಲ ಕಣೇ."

"ನೀವು ಮಾಡಿದ ಕಾಲಿಂಗ್ ಬೆಲ್ಲೂ ತಪ್ಪಲ್ಲ ಅಂದಿದ್ರಿ. ಮೂರು ದಿನ ಬಡ್ಕೊಂಡಿದ್ದು ನಿಲ್ಲಲೇ ಇಲ್ಲ."

ಬೆಳಿಗ್ಗೆ ಗಡಿಯಾರ ಎಂಟೂ ಹತ್ತು ತೋರಿಸಿತು. ಬಸ್ಸು ಎಂಟೂಕಾಲಿಗೆ. ಸಾಹೇಬರು ಕತ್ತೆತ್ತಿದರು. ಹನ್ನೊಂದು ವರ್ಷದ ಅಭ್ಯಾಸ ತಾನೇತಾನಾಗಿ ಇಪ್ಪತ್ತು ಕಳೆಯಿತು.

"ಏಳೂ ಐವತ್ತು. ಇನ್ನೊಂದು ಲೋಟ ಕಾಫಿ ಕೊಡು."

"ಕೂತ್ಕೊಳ್ಳಿ, ಬೇಕಾದಷ್ಟು ಟೈಮಿದೆ," ಎಂದಳು ಹೆಂಡತಿ, ತಾನೂ ಕಳೆದು.

ಬಸ್ಸಿಗೆ ಮಾತ್ರ ಕಳೆಯುವ ಲೆಕ್ಕ ಬರುತ್ತಿರಲಿಲ್ಲ.

ಏದುಸಿರು ಬಿಡುತ್ತ ಬಂದವರನ್ನು ಮ್ಯಾನೇಜರ್ ಯಂತ್ರದ ಪಕ್ಕದಲ್ಲೇ ಬರಮಾಡಿಕೊಂಡರು.

"ಯಂತ್ರ ಪಾಸು ಕಣ್ರೀ. ನೀವು ಇಪ್ಪತ್ತು ನಿಮಿಷ ಮೂರು ಸೆಕೆಂಡು ತಡ ಅಂತ ಕರಾರುವಾಕ್ಕಾಗಿ ಬರ್ಕೊಂಡಿದೆ. ನಾಳೆಯೂ ಹೀಗಾದ್ರೆ ಯಂತ್ರ ಇರುತ್ತೆ, ನೀವಿರಲ್ಲ."

ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು.

"ಇಪ್ಪತ್ತು ನಿಮಿಷ ಮುಂದೆ ಹೇಳು ಅನ್ನಿ ನಿಮ್ಮ ಸರ್ವರಿಗೆ."

"ಅದು ಲೋಕಕ್ಕೆಲ್ಲ ಟೈಮ್ ಹೇಳುತ್ತೆ ಕಣೇ!"

"ಲೋಕಕ್ಕೆ ಏನಾದ್ರೂ ಹೇಳ್ಕೊಳ್ಲಿ. ನಮ್ಮನೆಗೆ ಬಂದ್ಮೇಲೆ ನಮ್ಮನೆ ಟೈಮು."

ಸಾಹೇಬರು ಸೋತು ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದರು: ಸರ್ವರ್ ಹೇಳಿದ್ದಕ್ಕೆ ಇಪ್ಪತ್ತು ನಿಮಿಷ ಕೂಡಿಸು.

ಮರುದಿನ ಮನೆಮಂದಿಯೆಲ್ಲ ನೆಮ್ಮದಿಯಿಂದ ಇಪ್ಪತ್ತು ಕಳೆದರು. ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು. ಒಂಬತ್ತಕ್ಕೆ ಒಂದು ನಿಮಿಷವಿರುವಾಗ ಸಾಹೇಬರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಆಫೀಸಿನ ಮೆಟ್ಟಿಲೇರಿದರು.

ಬಾಗಿಲಲ್ಲಿ ಜಾತ್ರೆ ನೆರೆದಿತ್ತು. ಯಂತ್ರ ಒಂಬತ್ತೂ ಹತ್ತೊಂಬತ್ತು ತೋರಿಸುತ್ತಿತ್ತು. ಎರಡೂ ಗಡಿಯಾರಗಳು ಒಂದೇ ಪ್ರೋಗ್ರಾಮಿನ ಮಕ್ಕಳು! ಮನೆಗೆಂದು ಬರೆದ ಸಾಲು ಆಫೀಸಿಗೂ ತಾನಾಗಿಯೇ ತಲುಪಿತ್ತು.

"ಎಂಟೂ ಮುಕ್ಕಾಲಿಗೇ ಬಂದಿದ್ದೀನಿ ಕಣ್ರೀ," ಎನ್ನುತ್ತ ಮ್ಯಾನೇಜರ್ ಯಂತ್ರಕ್ಕೊಂದು ಗುದ್ದಿದರು. "ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಐದು ನಿಮಿಷ ತಡವಂತೆ! ತಡವಾದವರ ಪಟ್ಟಿ ಆಗ್ಲೇ ಮಾಲೀಕರಿಗೆ ಹೋಗಿದೆ. ಮೊದಲನೇ ಹೆಸರು ನಂದೇ!"

ಸಾಹೇಬರು ಯಂತ್ರದತ್ತ ಬೆರಳು ತೋರಿಸಿದರು.

"ಅದು... ಇಪ್ಪತ್ತು ಕಳೆದು ನೋಡ್ಬೇಕು ಸಾರ್."

"ಅಷ್ಟೊಂದು ಯಾಕ್ರೀ?" ಎಂದರು ಮ್ಯಾನೇಜರ್, ಸಿಬ್ಬಂದಿ ಪಟ್ಟಿಗೆ ಪೆನ್ನು ಹಿಡಿದು. "ಇಲ್ಲಿಂದ ಒಂದು ಕಳೆದ್ರೆ ಸಾಕು."