ಒಂದು ಸೈಟಿಗೆ ಒಂದು ಪದಾರ್ಥ

ಬೆಳಿಗ್ಗೆ ಎದ್ದು ನೀರು ಸೋಸಿ ಕೊಡ ತುಂಬಿದೆ. ಅಂಗಳ ಕಸ ಹೊಡೆದೆ. ಗಿರಣಿಯಿಂದ ಬಂದ ಜೋಳದ ಹಿಟ್ಟನ್ನು ಜರಡಿ ಹಿಡಿದು ಡಬ್ಬಿಗೆ ಹಾಕಿದೆ. ಅತ್ತೆಯವರ ಕನ್ನಡಕದ ಕಾಲು ಮುರಿದಿತ್ತು, ಅದಕ್ಕೆ ದಾರ ಸುತ್ತಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಅವರು ಅದನ್ನು ಹಾಕಿಕೊಂಡು ಹೊರಗೆ ಹೋಗುವ ಮೊದಲೇ ಇನ್ನೊಂದು ಗುಂಡಿ ಕಿತ್ತು ಬಂತು, ಅದನ್ನೂ ಹಚ್ಚಿದೆ. ಹಾಸಿಗೆಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಇಷ್ಟೆಲ್ಲ ಆದರೂ ಇವತ್ತಿನ ದಿನ ನನ್ನ ನೆನಪಿನಲ್ಲಿ ಉಳಿಯುವುದು ಇವುಗಳಿಂದಲ್ಲ. ಉಳಿಯುವುದು ನಮ್ಮ ನಾದಿನಿಯಿಂದ!

ಚಿಕ್ಕೋಡಿ ತಾಲೂಕಿನಲ್ಲಿ ಹಟಮಾರಿಗಳ ಪಂದ್ಯ ಇಟ್ಟರೆ ಮೊದಲನೇ ಬಹುಮಾನ ನಮ್ಮ ನಾದಿನಿಗೆ. ಎರಡನೇ ಬಹುಮಾನ ಯಾರಿಗೂ ಕೊಡಬಾರದು, ಅಷ್ಟು ಅಂತರ! ನನ್ನ ಯಜಮಾನರ ತಂಗಿ ಈಕೆ. ಲಗ್ನ ಒಲ್ಲೆ ಎಂದಳು, ಆಯಿತು. ನೌಕರಿ ಒಲ್ಲೆ ಎಂದಳು, ಅದೂ ಆಯಿತು. ಎಲ್ಲರೂ ಇನ್ನೇನು ಮಾಡುತ್ತಾಳೆ ಎಂದು ನೋಡುತ್ತಿರುವಾಗ ಮಾಳಿಗೆಯ ಮೇಲಿನ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಮಂದಿಯ ವೆಬ್‌ಸೈಟುಗಳಿಗೆ ಜಾಗ ಬಾಡಿಗೆ ಕೊಡುವ ದಂಧೆ ಶುರು ಮಾಡಿದಳು. ಆಗ ನಮ್ಮ ಕಡೆ ಇಂಟರ್ನೆಟ್ಟು ಅಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಕೆಫೆಯಲ್ಲಿ ಪರೀಕ್ಷೆಯ ರಿಜಲ್ಟ್ ನೋಡುವುದು, ಅಷ್ಟೇ.

ನಮ್ಮ ಅತ್ತೆಯವರಿಗೆ ಮಗಳ ಉದ್ಯೋಗವನ್ನು ಬೀಗರಿಗೆ ವಿವರಿಸುವುದೇ ಒಂದು ಸಂಕಟ. ಕಡೆಗೆ ಒಂದು ಉಪಾಯ ಕಂಡುಕೊಂಡರು.

“ನಮ್ಮ ಹುಡುಗಿ ಜಾಗಾ ಬಾಡಿಗಿ ಕೊಡತಾಳ್ರಿ.”

“ಹೌದಾ! ಎಲ್ಲಿ?”

“ಪುಣೆದಾಗ.”

ಸುಳ್ಳೇನಲ್ಲ. ಸರ್ವರು, ಅಂದರೆ ಎಲ್ಲ ಸೈಟುಗಳನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ದೊಡ್ಡ ಕಂಪ್ಯೂಟರು, ಇದ್ದದ್ದು ಪುಣೆಯಲ್ಲೇ. ಆದರೆ ಆ ವರ್ಷ ಬಂದ ವರಗಳನ್ನು ಕೇಳಬೇಡಿ! ಪುಣೆಯಲ್ಲಿ ಬಾಡಿಗೆಯ ಕಟ್ಟಡ ಇರುವ ಹುಡುಗಿಯನ್ನು ಯಾರು ಬಿಡುತ್ತಾರೆ?

ಗಿರಾಕಿಗಳ ವಿಷಯದಲ್ಲಿ ಅವಳದೇ ಕಾನೂನು. ಒಬ್ಬರು ಕೋಳಿ ಫಾರ್ಮಿನ ಸೈಟು ತಂದರು. “ನಾವು ಜೈನರ್ರಿ, ಕೋಳಿ ಇಟ್ಕೊಳ್ಳಂಗಿಲ್ಲ” ಎಂದಳು. “ಬರೇ ಫೋಟೋ ಅದಾವ್ರಿ ಅಕ್ಕಾರ” ಎಂದು ಅವರು ಅಂಗಲಾಚಿದರು. “ಫೋಟೋದಾಗ ಅವು ಜೀವಂತ ಅದಾವು, ಆಮ್ಯಾಲೆ ಏನ್ ಆಕ್ಕಾವ ನನಗ ಗೊತ್ತೈತಿ” ಎಂದು ಬಾಗಿಲ ತನಕ ಹೋಗಿ ಕಳಿಸಿ ಬಂದಳು. ಊರಲ್ಲಿ ಯಾರಾದರೂ ಕಂಪ್ಯೂಟರಿನಲ್ಲಿ ಹಿಂಸೆಯ ಲೆಕ್ಕ ಹಾಕಿದ್ದನ್ನು ಕೇಳಿದ್ದೀರಾ?

ಇಂಥವಳ ಮೇಲೆ ಗಂಡಾಂತರ ಬಂದದ್ದು ಇರುವೆಗಳ ರೂಪದಲ್ಲಿ.

ಪುಣೆಯ ಸರ್ವರಿನಲ್ಲಿ ಇರುವುದನ್ನೆಲ್ಲ ಪ್ರತಿ ದಿನ ಮನೆಯ ಒಂದು ಮಿಷನ್ನಿಗೆ ನಕಲು ಮಾಡಿ ಇಟ್ಟುಕೊಳ್ಳುತ್ತಿದ್ದಳು. ಅಲ್ಲಿ ಏನಾದರೂ ಆದರೆ ಇಲ್ಲಿ ಇರಲಿ ಅಂತ. ಆ ಮಳೆಗಾಲದಲ್ಲಿ ಮಿಷನ್ನಿನ ಹಿಂದಿನ ಜಾಳಿಗೆಯಿಂದ ಕೆಂಪಿರುವೆಗಳು ಒಳಗೆ ಹೋಗಿ ಸಂಸಾರ ಹೂಡಿದವು. ಒಳಗೆ ಫ್ಯಾನು ಇದೆ. ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ. ತಿರುಗಿದರೆ?

“ಹಚ್ಚಂಗಿಲ್ಲ” ಎಂದಳು.

“ಝಾಡಿಸಿ ಒಗಿ” ಎಂದರು ನಮ್ಮ ಯಜಮಾನರು.

“ತತ್ತಿ ಅದಾವ ಅಣ್ಣಾ ಒಳಗ! ಚಾತುರ್ಮಾಸ ಐತಿ. ಮುನಿಗಳು ಸುದ್ದಾ ಹೆಜ್ಜಿ ಹೊರಗ ಇಡಂಗಿಲ್ಲ, ನಾ ಇವನ್ನ ಮಳ್ಯಾಗ ಹೊರಗ ಹಾಕಲೇನು?”

ಮಿಷನ್ನಿನಿಂದ ಹೊರಗೆ ಒಂದು ಬೆಲ್ಲದ ತುಣುಕು ಇಟ್ಟು ಕರೆದು ನೋಡಿದಳು. ಅವು ಸಾಲಾಗಿ ಬಂದವು, ಬೆಲ್ಲ ತಿಂದವು, ಉಳಿದದ್ದನ್ನು ಹೊತ್ತುಕೊಂಡು ಸಾಲಾಗಿ ಮನೆಗೆ ಹೋದವು! ಬೇರೆ ಮಿಷನ್ ಕೊಳ್ಳು ಎಂದರೆ, ಇವತ್ತಲ್ಲ ನಾಳೆ ಹೋಗುತ್ತವೆ, ಅವಸರ ಯಾಕೆ ಎಂದಳು. ನಕಲು ನಿಂತಿತು. ಮಳೆ ನಿಲ್ಲಲಿಲ್ಲ.

ಆಮೇಲೆ ಪುಣೆಯಿಂದ ಫೋನ್ ಬಂತು. ಸರ್ವರಿನ ಡಿಸ್ಕು ಸುಟ್ಟು ಹೋಗಿದೆ, ಒಳಗಿನದು ಏನೂ ಸಿಗುವುದಿಲ್ಲ ಎಂದರು. ನಾನು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಅವಳು ಮೆಟ್ಟಿಲಿಳಿದು ಬಂದು ನನ್ನ ಎದುರು ಕೂತು, ಒಂದು ಹುಣಸೆಬೀಜ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ವೈನಿ, ಎಲ್ಲಾರ ಸೈಟೂ ಹೋದವು.”

ಮರುದಿನ ನೋಡಿದರೆ ಇರುವೆಗಳು ತಾವಾಗಿಯೇ ಗೂಡು ಬಿಟ್ಟು ಹೋಗಿದ್ದವು! ಇವಳು ಕೈ ಮುಗಿದು ಬಟನ್ ಒತ್ತಿದಳು. ಮಳೆಗಾಲದುದ್ದಕ್ಕೂ ತಣ್ಣಗೆ ಕೂತ ಮಿಷನ್ನು ತೇವ ಹಿಡಿದು ಡಿಸ್ಕಿನ ಸಮೇತ ಅದೂ ಸತ್ತಿತ್ತು. ಇನ್ನೊಬ್ಬಳಾಗಿದ್ದರೆ ಫೋನು ಬಂದ್ ಮಾಡಿ ತವರಿನಲ್ಲಿ ಕೂರುತ್ತಿದ್ದಳು. ಇವಳು ಇರುವುದೇ ತವರಿನಲ್ಲಿ, ಎಲ್ಲಿಗೆ ಹೋದಾಳು?

ಆ ದಿನ ಹೊತ್ತು ಮುಳುಗುವ ಮೊದಲು ಎಲ್ಲರೂ ಊಟಕ್ಕೆ ಕೂತಾಗ ಅವಳು ನಿಯಮ ತೆಗೆದುಕೊಂಡಳು. ನಮ್ಮಲ್ಲಿ ಏನಾದರೂ ತಪ್ಪಾದರೆ ಒಂದು ಪದಾರ್ಥ ಬಿಡುವುದುಂಟು. ಇವಳು ಒಂದೊಂದು ಸೈಟಿಗೆ ಒಂದೊಂದು ಪದಾರ್ಥ ಬಿಟ್ಟಳು! ಬ್ಯಾಂಡ್ ಕಂಪನಿಯ ಸೈಟು ಬರುವ ತನಕ ಮೊಸರಿಲ್ಲ. ಒಣದ್ರಾಕ್ಷಿ ವ್ಯಾಪಾರಿಯ ಸೈಟು ಬರುವ ತನಕ ತುಪ್ಪವಿಲ್ಲ. ಟ್ರ್ಯಾಕ್ಟರ್ ರಿಪೇರಿಯವರದಕ್ಕೆ ಬೆಲ್ಲ, ಅಕ್ಕೋಳದ ಸಸಿ ನರ್ಸರಿಗೆ ಹಸಿಮೆಣಸಿನಕಾಯಿ. ಹೀಗೆ ಹೇಳುತ್ತ ಹೇಳುತ್ತ ಅವಳಿಗೆ ಸೇರುವ ಪದಾರ್ಥಗಳೇ ಮುಗಿದು ಹೋದವು, ಗಿರಾಕಿಗಳು ಇನ್ನೂ ಉಳಿದರು.

“ಕಿರಾಣಿ ಅಂಗಡಿಯವರದಕ್ಕ ಹಾಗಲಕಾಯಿ ಬಿಟ್ಟೆ.”

“ಹಾಗಲಕಾಯಿ ನೀ ಹುಟ್ಟಿದಾಗಿಂದ ತಿಂದಿಲ್ಲಲೇ!” ಎಂದರು ಅತ್ತೆ.

“ಅಂವನೂ ಸೈಟ್ ಮಾಡಿಸಿದಾಗಿಂದ ಅದನ್ನ ತೆಗದು ನೋಡಿಲ್ಲವ್ವಾ. ಸರಿ ಹೋತಲ್ಲ?”

ಕಡೆಗೆ ಒಂದು ಸೈಟು ಉಳಿಯಿತು. ರಾಯಬಾಗದ ಒಬ್ಬ ನಿವೃತ್ತ ಗಣಿತ ಮಾಸ್ತರರದು. ಇವಳು ಕಣ್ಣು ಮುಚ್ಚಿ, “ಅದಕ್ಕ ಚಹಾ” ಎಂದಳು. ಅವಳು ದಿನಕ್ಕೆ ಎಷ್ಟು ಕಪ್-ಬಸಿ ಚಹಾ ಕುಡಿಯುತ್ತಿದ್ದಳು ಎಂಬುದನ್ನು ನಾನು ಬರೆಯುವುದಿಲ್ಲ, ನಿಮಗೆ ನಂಬಿಕೆ ಬರುವುದಿಲ್ಲ!

ಮರುದಿನದಿಂದ ಸ್ಕೂಟಿ ಹತ್ತಿದಳು. ಒಬ್ಬೊಬ್ಬ ಗಿರಾಕಿಯ ಮನೆಗೂ ಹೋಗಿ, ಆದದ್ದು ಆದ ಹಾಗೆ ಹೇಳಿ, ಕ್ಷಮೆ ಕೇಳಿ, ಅವರ ಹತ್ತಿರ ಉಳಿದಿದ್ದ ಫೋಟೋ, ಹಳೆ ಸಿಡಿ, ಛಾಪಿಸಿದ ಕಾಗದ ಕೂಡಿಸಿ, ಸೈಟನ್ನು ಮೊದಲಿನಿಂದ ಕಟ್ಟುವುದು. ಸರ್ವರ್ ಸುಟ್ಟಿತು ಎಂದಷ್ಟೇ ಹೇಳಿ ಬಿಡಬಹುದಿತ್ತಲ್ಲವೇ? ಇಲ್ಲ. ಇರುವೆಯ ಕಥೆಯನ್ನೂ ಹೇಳಬೇಕು!

ಅಥಣಿಯ ಒಣದ್ರಾಕ್ಷಿ ವ್ಯಾಪಾರಿ ಕೇಳಿ ಕೆಂಡವಾದರಂತೆ. “ಇರಿವಿ ಬೆಲ್ಲಕ್ಕ ಬರತಾವ, ನನ್ನ ದ್ರಾಕ್ಷಿಗೆ ಬರತಾವ. ಕಂಪ್ಯೂಟರಿಗೆ ಏನ್ ತಿನ್ನಾಕ ಬಂದಿದ್ದವು?”

“ತಿನ್ನಾಕ ಅಲ್ರಿ. ಒಳಗ ಬೆಚ್ಚಗ ಇತ್ತು.”

“ಅವಕ್ಕ ಬೆಚ್ಚಗ ಇರಲಿ ಅಂತ ನನ್ನ ಸೈಟ್ ತಣ್ಣಗ ಮಾಡಿದ್ರಿ?” ಎಂದು ಅಂಗಡಿ ಹಾರುವ ಹಾಗೆ ಕೂಗಾಡಿದರು. ಇವಳು ತಲೆ ತಗ್ಗಿಸಿ ನಿಂತೇ ಇದ್ದಳು. ಕೂಗಿ ಕೂಗಿ ಅವರಿಗೇ ದಣಿವಾಯಿತು. ನೀರು ಕುಡಿದು, ದನಿ ಇಳಿಸಿ ಕೇಳಿದರಂತೆ, “ಮತ್ತ... ತತ್ತಿ ಎಲ್ಲಾ ಸುಸೂತ್ರ ಹೋದವೇನ್ರಿ ಅಕ್ಕಾರ?” ಆ ವಾರ ಮನೆಗೆ ತುಪ್ಪ ಬಂತು.

ನಿಪ್ಪಾಣಿಯ ಬ್ಯಾಂಡಿನವರ ಹತ್ತಿರ ಒಂದು ಫೋಟೋವೂ ಉಳಿದಿರಲಿಲ್ಲ. ಇವಳು ನಡು ಮಧ್ಯಾಹ್ನ ಅವರಿಗೆಲ್ಲ ಕೆಂಪು ಕೋಟು ಹಾಕಿಸಿ ಓಣಿಯಲ್ಲಿ ನಿಲ್ಲಿಸಿದಳು. ಸುಮ್ಮನೆ ನಿಂತರೆ ಮುಖದಲ್ಲಿ ಕಳೆ ಬರುವುದಿಲ್ಲ, ಬಾರಿಸಿರಿ ಎಂದಳು. ಅವರು ಬಾರಿಸಿದರು, ಇವಳು ಕ್ಯಾಮೆರಾ ಹಿಡಿದು ಮುಂದೆ ಮುಂದೆ ನಡೆದಳು, ಓಣಿಯ ಮಂದಿ ಹಿಂದೆ ಕೂಡಿದರು. ಇವಳು ಮನೆ ಮುಟ್ಟುವ ಮೊದಲೇ ಯಜಮಾನರಿಗೆ ನೆಂಟರೊಬ್ಬರ ಫೋನ್ ಬಂತು. “ತಂಗೀದು ಲಗ್ನ ಮಾಡಿದಿರಿ, ಒಂದು ಮಾತು ಹೇಳಬಾರದೇನ್ರಿ?” ಅವತ್ತು ಮೊಸರು ಬಂತು.

ನನ್ನ ಅಡಿಗೆಮನೆಯ ಗತಿ ಕೇಳಿ. ಒಗ್ಗರಣೆಗೆ ಹಸಿಮೆಣಸಿನಕಾಯಿ ಇಲ್ಲ, ಸಾರಿಗೆ ಬೆಲ್ಲವಿಲ್ಲ. ಅವಳೊಬ್ಬಳಿಗೇ ಬೇರೆ ಎತ್ತಿಟ್ಟು ಮಾಡಬೇಕು. ಯಜಮಾನರು ಕೆಲಸದಿಂದ ಬಂದವರೇ, “ಇವತ್ತ ಯಾವ ಪದಾರ್ಥ ಬಂತು?” ಎಂದು ಕೇಳುವರು. ತೆಲಸಂಗದ ಟ್ರ್ಯಾಕ್ಟರ್ ರಿಪೇರಿಯವರ ಕಡೆ ಅವಳ ಸ್ಕೂಟಿ ಹೋದರೆ, ಬೆಲ್ಲ ಬರಲಿ ಎಂದು ನಾನು ಇಲ್ಲಿ ಕೈ ಮುಗಿಯುತ್ತಿದ್ದೆ. ಒಂದೊಂದಾಗಿ ಎಲ್ಲ ಬಂದವು. ಚಹಾ ಒಂದು ಬಿಟ್ಟು.

ಮಾಸ್ತರರ ಸೈಟನ್ನು ಮಾಡಿಸಿಕೊಟ್ಟವರು ಅವರ ಹಳೆಯ ವಿದ್ಯಾರ್ಥಿಗಳು. ಅದರಲ್ಲಿ ಒಂದು ಪುಟದಲ್ಲಿ ಯಾರು ಬೇಕಾದರೂ ಅವರಿಗೆ ನಾಲ್ಕು ಮಾತು ಬರೆಯಬಹುದಿತ್ತು. ಸಂತೆಯ ದಿನ ಮಾಸ್ತರರು ಕೆಫೆಗೆ ಹೋಗಿ ಕೂತು ಅದನ್ನಷ್ಟೇ ಓದಿ ಬರುವರು. ಈಗ ಮಂದಿ ಬರೆದ ಮಾತುಗಳನ್ನು ಎಲ್ಲಿಂದ ತರುವುದು? ಇವಳು ಹೋಗಿ ಎದುರು ನಿಂತಾಗ ಅವರು ಬೈಯಲಿಲ್ಲ. “ಬರಕೋ ಮಗಳ, ನಾ ಹೇಳತೀನಿ” ಎಂದರು. ಓದಿ ಓದಿ ಅವರಿಗೆ ಎಲ್ಲ ಬಾಯಿಪಾಠ!

“‘ಸರ್, ನೀವು ಹೊಡದ ಜಾಗಾ ಇನ್ನೂ ಚಳಿಗಾಲದಾಗ ನೋಯತೈತಿ, ಆದ್ರ ಮಗ್ಗಿ ಮರತಿಲ್ಲ.’ ಇದು ಒಬ್ಬ ಬಸ್ ಡ್ರೈವರಂದು. ಬರಕೊಂಡಿ?”

ಹೀಗೆ ಎಲ್ಲ ಬರೆದುಕೊಂಡಳು. ಬರೆದವರಿಗೆ ಫೋನ್ ಮಾಡಿ, ಅವರ ಮಾತನ್ನು ಅವರ ಕೈಯಿಂದಲೇ ಮತ್ತೆ ಬರೆಸಿದಳು. ಒಂದೇ ಒಂದು ಉಳಿಯಿತು. ಹೆಸರಿಲ್ಲದ ಒಬ್ಬಾತ ವಾರ ತಪ್ಪದೆ ಒಂದೇ ಮಾತು ಬರೆಯುತ್ತಿದ್ದನಂತೆ: “ಸರ್, ಊಟ ಆತೇನ್ರಿ?”

“ಯಾರಂತ ಗೊತ್ತಿಲ್ಲ. ಉತ್ತರಾ ಬರಿಯೂದು ಕಲತು, ‘ಆತಪ್ಪಾ, ನಿಂದು?’ ಅಂತ ಬರೀಬೇಕು ಅನ್ಕೊಂಡಿದ್ದೆ” ಎಂದರು ಮಾಸ್ತರರು. ಆಮೇಲೆ, “ಒಮ್ಮಿಂದೊಮ್ಮೆ ಸೈಟ್ ಬಂದ್ ಆತಲ್ಲ. ಸರ್ ಹೋದ್ರು ಅಂತ ತಿಳಕೊಂಡನೋ ಏನೋ” ಎಂದರು.

ಈ ಮಾತು ಇವಳ ಎದೆಯಲ್ಲಿ ನಾಟಿಕೊಂಡಿತು. ಸೈಟು ಮತ್ತೆ ಶುರುವಾಯಿತು, ಎಲ್ಲರ ಮಾತೂ ಬಂತು, ಆ ಒಬ್ಬಾತ ಬರಲಿಲ್ಲ. “ಇದ್ದಂಗ ಆಗೂತನಕ ಚಹಾ ಇಲ್ಲ” ಎಂದಳು ಇವಳು. ಯಾರು ಏನು ಹೇಳಿದರೂ ಅದೇ ಮಾತು.

ತಂಗಿ ಒಣ ಮುಖ ಹಾಕಿಕೊಂಡು ಬಿಸಿನೀರು ಕುಡಿಯುವುದನ್ನು ನೋಡಲಾರದೆ ನಮ್ಮ ಯಜಮಾನರು ಒಂದು ಸಂಜೆ ಊಟದಿಂದ ಬೇಗ ಎದ್ದು ಹೊರಗೆ ಹೋಗಿ ಬಂದರು. ಮುಖದಲ್ಲಿ ಏನೋ ಗೆಲುವು. ಅಷ್ಟರಲ್ಲಿ ಮಾಳಿಗೆಯಿಂದ ಅವಳು ಇಳಿದು ಬಂದಳು.

“ಅಣ್ಣಾ, ಬಸ್ ಸ್ಟ್ಯಾಂಡ್ ಕೆಫೆಕ್ಕ ಹೋಗಿದ್ದೇನು?”

“ನಾ... ನಾ ಯಾಕ ಹೋಗಲಿ?”

“ಎಲ್ಲಿಂದ ಬರದಾರ ಅನ್ನೂದು ನನಗ ಕಾಣತೈತಿ. ಅದೂ ಅಲ್ಲದ, ‘ಸರ್, ಊಟ ಆತೇನ್ರಿ, ನಮ್ಮ ತಂಗಿಗೆ ಸಿಟ್ಟಾಗಬ್ಯಾಡ್ರಿ’ ಅಂತ ಯಾವ ವಿದ್ಯಾರ್ಥಿ ಬರೀತಾನ?”

ಮರುದಿನ ಮಧ್ಯಾಹ್ನ ಅವಳು ರಾಯಬಾಗಕ್ಕೆ ಫೋನ್ ಹಚ್ಚಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳ ದನಿ ಕೇಳಿತು. “ಸರ್, ಊಟ ಆತೇನ್ರಿ?” ಅತ್ತಲಿಂದ ಏನು ಬಂತೋ, “ಹೂಂ, ಅಷ್ಟ ಕೇಳಬೇಕಿತ್ರಿ” ಎಂದು ಇಟ್ಟಳು. ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಅವಳಿಗೆ ಜ್ವರ ಬಂದರೂ, ನಮ್ಮ ಮನೆಗೆ ನೆಂಟರು ಬಂದರೂ, ಕಾಗವಾಡದ ಮದುವೆಯ ಪಂಕ್ತಿಯಲ್ಲಿ ಕೂತಿದ್ದರೂ ಎದ್ದು ಹೋಗಿ ಕೇಳಿ ಬರುವಳು. ಆರೇಳು ವರ್ಷವಾಯಿತು. ಚಹಾ ಮಾತ್ರ ಮುಟ್ಟಲಿಲ್ಲ. ಕಳೆದುಕೊಂಡದ್ದನ್ನು ತಂದುಕೊಡಲು ಆಗದಿದ್ದರೆ ಅದರ ಕೆಲಸವನ್ನಾದರೂ ತಾನು ಮಾಡಬೇಕು ಎಂದು ಯಾರು ಅವಳಿಗೆ ಕಲಿಸಿದರು? ನನಗೆ ಇವತ್ತಿಗೂ ಬೆರಗು.

ಇವತ್ತು ಮಧ್ಯಾಹ್ನವೂ ಫೋನ್ ಹಚ್ಚಿದಳು. ಕೇಳಿದಳು. ಮುಖ ಸಣ್ಣಗಾಯಿತು.

“ವೈನಿ, ಸರ್ ಉಂಡಿಲ್ಲಂತ. ನಾ ಚಹಾ ಬಿಟ್ಟದ್ದು ಅವರಿಗೆ ನಿನ್ನೆ ಯಾರೋ ಹೇಳ್ಯಾರಂತ, ನಾ ಕುಡಿಯೂತನಕ ಉಣ್ಣಂಗಿಲ್ಲಂತ!”

ಹಟಕ್ಕೆ ಹಟ! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದಳು. ಮಾಸ್ತರರ ಹೆಂಡತಿ ಎತ್ತಿದರು. ಅವರ ದನಿ ನನಗೂ ಕೇಳುವಷ್ಟು ಜೋರು. “ಖರೇನ ಉಂಡಿಲ್ಲವ್ವಾ. ತಾಟ ಮುಂದಿಟ್ಕೊಂಡು ಕುಂತಾರ. ನನಗೂ ಹಸಿವಿ ಆಗೇತಿ, ಅವರನ್ನ ಬಿಟ್ಟು ಹೆಂಗ ಉಣ್ಣಲಿ? ಲಗೂನ ಏನಾರ ಮಾಡ!” ಆಮೇಲೆ ಮಾಸ್ತರರೇ ಬಂದರು. ಇವಳು ಫೋನನ್ನು ನನಗೂ ಕೇಳುವ ಹಾಗೆ ಹಿಡಿದಳು.

“ಸರ್, ಸೈಟ್ ಇನ್ನೂ ಇದ್ದಂಗ ಆಗಿಲ್ರಿ. ಅಂವ ಬಂದಿಲ್ಲ.”

“ಸೈಟ್ ಯಾರದ?”

“ನಿಮ್ದ್ರಿ.”

“ಹಂಗಾದ್ರ ಇದ್ದಂಗ ಆತೋ ಇಲ್ಲೋ ಅಂತ ಹೇಳಾಂವ ಯಾರು? ಲೆಕ್ಕಾ ಕೇಳ. ಆಗ ನಾ ಉಂಡನೋ ಇಲ್ಲೋ ಅಂತ ಕೇಳಾಂವ ಒಬ್ಬ ಇದ್ದ. ಈಗ ಕೇಳಾಕಿ ಒಬ್ಬಾಕಿ ಅದಾಳ. ಅಂವ ವಾರಕ್ಕ ಒಮ್ಮೆ, ಈಕಿ ದಿನಾ. ಒಂದು ಹೋಗಿದ್ದು ಏಳಾಗಿ ಬಂದೈತಿ ಮಗಳ. ಇನ್ನ ನೀ ನನಗ ಏನೂ ಕೊಡೂದು ಉಳದಿಲ್ಲ. ಚಹಾ ಇಡಾಕ ಹೇಳ ನಿಮ್ಮ ವೈನಿಗೆ.”

ಅವಳು ನನ್ನ ಕಡೆ ನೋಡಿದಳು. ನಾನು ಅಷ್ಟರಲ್ಲಿ ಒಲೆ ಹಚ್ಚಿಯಾಗಿತ್ತು. ಅವಸರಕ್ಕೆ ಚಹಾಪುಡಿ ಕಟ್ಟೆಯ ಮೇಲೆಲ್ಲ ಚೆಲ್ಲಿತು. ಅತ್ತೆಯವರು ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತರು.

“ಕುಡದದ್ದು ನನಗ ಕೇಳಬೇಕು” ಎಂದರು ಮಾಸ್ತರರು ಫೋನಿನಲ್ಲಿ. “ಬಾಯಿಮಾತಿಲೇ ಮಾರ್ಕ್ಸ್ ಹಾಕಾಂವ ಅಲ್ಲ ನಾ.”

ಅವಳು ಬಸಿಯಲ್ಲಿ ಸುರಿದುಕೊಂಡು, ಫೋನಿನ ಹತ್ತಿರ ಹಿಡಿದು, ಸುರ್ ಎಂದು ಎಳೆದಳು. ಅತ್ತ ಕಡೆ ತಾಟಿನಲ್ಲಿ ರೊಟ್ಟಿ ಮುರಿದ ಸದ್ದು ಬಂತು.

“ಹೆಂಗೈತಿ?” ಎಂದು ಕೇಳಿದೆ.

ಕಣ್ಣೊರೆಸಿಕೊಂಡು, “ಸಕ್ರಿ ಕಡಿಮಿ ಆಗೇತಿ ವೈನಿ” ಎಂದಳು.

ಹೊತ್ತು ಮುಳುಗುವ ಮೊದಲು ಎಲ್ಲರೂ ಕೂಡಿ ಕೂತು ಉಂಡೆವು. ರೊಟ್ಟಿ, ಹೀರೇಕಾಯಿ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಯಜಮಾನರು ಒಂದು ರೊಟ್ಟಿ ಹೆಚ್ಚಿಗೆ ತಿಂದರು. ದಿನವೂ ಎಲ್ಲರೂ ಮಲಗಿದ ಮೇಲೆ ಇನ್ನೊಮ್ಮೆ ಮಾಳಿಗೆಗೆ ಹೋಗಿ, ಎಲ್ಲ ಸೈಟೂ ಇವೆಯೋ ಇಲ್ಲವೋ ನೋಡಿ ಬಂದು ಮಲಗುವುದು ನಮ್ಮ ನಾದಿನಿಯ ಪದ್ಧತಿ. ಇವತ್ತು ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ, ಬಿಸಿಲಿಗೆ ಹಾಕಿ ತಂದ ಹಾಸಿಗೆಗಳನ್ನು ಬಿಡಿಸುವ ಮೊದಲೇ ಅವುಗಳ ಮೇಲೆ ತಲೆ ಇಟ್ಟು, ಎಲ್ಲರಿಗಿಂತ ಮುಂಚೆ ಅವಳೇ ಮಲಗಿಬಿಟ್ಟಿದ್ದಳು.