ಚಕ್ಕುಲಿ ಧಾಟಿ

ಉಮಾವತಿಯ ಹಾರ್ಮೋನಿಯಂನಲ್ಲಿ ನಡುವಿನ ಒಂದು ಬಿಳಿ ಕೀ ಮೂಕವಾಗಿತ್ತು. ಎಷ್ಟು ಒತ್ತಿದರೂ ಕೆಳಗಿಳಿಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಮುನಿಸಿಕೊಂಡ ಸೋದರತ್ತೆಯ ಹಾಗೆ ಬಿಗಿಯಾಗಿ ಕೂತುಬಿಟ್ಟಿತ್ತು. ಆ ಭಾನುವಾರದ ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದಲೇ.

ಹಾಗೆ ನೋಡಿದರೆ ಉಮಾವತಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ಉಳಿದವರು ಅವರನ್ನು ಬಳಸಿಕೊಂಡು ಓಡಾಡಲು ಕಲಿಯುತ್ತಾರಲ್ಲ, ಅವಳ ಬೆರಳೂ ಹಾಗೇ ಕಲಿತಿತ್ತು. ಆ ಜಾಗ ಬಂದಾಗ ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು, ಮಳೆಗಾಲದಲ್ಲಿ ಡೊಂಬಿವಲಿಯ ಹೆಂಗಸರು ನೆರಿಗೆ ಎತ್ತಿ ಹಿಡಿದು ರಸ್ತೆಯ ಹೊಂಡದ ಮುಂದೆ ನಿಲ್ಲುವ ಹಾಗೆ. ಆಮೇಲೆ ಟಣ್ಣನೆ ಆಚೆಗೆ ಹಾರಿ ಹಾಡು ಮುಂದೆ ಹೋಗುತ್ತಿತ್ತು.

ಸಂಗೀತವನ್ನು ಅವಳು ಯಾರ ಮುಂದೆಯೂ ಕೂತು ಕಲಿತವಳಲ್ಲ. ಕಲಿತದ್ದೆಲ್ಲ ಹಿಂದೆ ಕೂತು, ಇಲ್ಲವೇ ಈಚೆ ನಿಂತು. ಹುಡುಗಿಯಾಗಿದ್ದಾಗ ಮೂಲ್ಕಿಯ ಹತ್ತಿರದ ಊರಿನ ಭಜನಾ ಮಂದಿರದಲ್ಲಿ ಗಂಡಸರು ತಾಳ ಹಿಡಿದು ಹಾಡುವಾಗ ಹಿಂದೆ ಕೂತು ಹೂ ಕಟ್ಟುತ್ತಿದ್ದಳು. ಮದುವೆಯಾಗಿ ಡೊಂಬಿವಲಿಗೆ ಬಂದು ಠಾಣೆ ಪಟ್ಟಣದ ಆಫೀಸಿಗೆ ಹೋಗುತ್ತಿದ್ದ ವರ್ಷಗಳಲ್ಲಿ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಗೂ ಗಂಡಸರ ಡಬ್ಬಿಗೂ ನಡುವೆ ಇರುವ ಜಾಲರಿಗೆ ಕಿವಿ ಆನಿಸಿ ನಿಲ್ಲುತ್ತಿದ್ದಳು. ಆಚೆ ಭಜನಾ ಮಂಡಳಿಯವರು ಢೋಲಕ್ಕು ಸಾಲದಾದಾಗ ಡಬ್ಬಿಯ ತಗಡನ್ನೇ ಬಡಿದು ಹಾಡುತ್ತಿದ್ದರು. ಅದೆಷ್ಟು ಚಂದವೆಂದರೆ, ಠಾಣೆ ಬಂದರೂ ಇಳಿಯಲು ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿ ವಾಪಸು ಬಂದದ್ದೂ ಉಂಟು.

ಆಫೀಸು ಬಿಟ್ಟ ಮೇಲೆ ಆ ಜಾಲರಿಯೂ ತಪ್ಪಿತು. ಮನೆಯ ಮೌನ ತಡೆಯಲಾರದೆ ಒಂದು ಹಳೆಯ ಹಾರ್ಮೋನಿಯಂ ತಂದಳು. ಮಂದಿರದ ತಾಳ, ಟ್ರೇನಿನ ಧಡಕ್ ಧಡಕ್, ಕೆಳಗಿನ ಮನೆಯ ಮಿಕ್ಸರ್, ಎಲ್ಲವೂ ಒಳಗೆಲ್ಲೋ ನೆನೆದು ಹುದುಗಿ, ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಧಾಟಿಯೊಂದು ಇಡ್ಲಿ ಹಿಟ್ಟಿನ ಹಾಗೆ ತಾನಾಗಿ ಉಬ್ಬಿ ಬಂತು. ಉಮಾವತಿ ಬೆಚ್ಚಿ ಕೈ ಹಿಂದೆ ತೆಗೆದಿದ್ದಳು. ಇದು ಯಾರದ್ದು? ನನ್ನದೇ? ಅಂದಿನಿಂದ ದಿನವೂ ಬೆಳಿಗ್ಗೆ ಕಿಟಕಿ ತೆರೆದು ಅದನ್ನೇ ನುಡಿಸುವುದು. ತನ್ನದೆಂದು ಹೇಳಿಕೊಳ್ಳುವ ಧೈರ್ಯ ಬರಲು ಅಷ್ಟು ತಿಂಗಳು ಬೇಕಾದವು.

ಈಗ ಆ ದಿನ ಬಂದಿತ್ತು. ಸಂಜೆ ಕಲ್ಯಾಣದಲ್ಲಿ ಕನ್ನಡಿಗರ ಭಜನಾ ಸ್ಪರ್ಧೆ. ಸ್ವಂತ ಧಾಟಿಗೆ ಪ್ರತ್ಯೇಕ ಬಹುಮಾನ. ಹಾಡುವ ಮೊದಲು ಮೈಕಿನಲ್ಲಿ ಹೇಳುತ್ತಾರಂತೆ: “ಧಾಟಿ, ಶ್ರೀಮತಿ ಉಮಾವತಿ.” ಬಹುಮಾನ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಕಟ್ಟಡದ ಸೊಸೈಟಿಯ ಬೋರ್ಡಿನಲ್ಲಿ ಗಂಡ ಗುಣಪಾಲ, ಗ್ಯಾಸಿನ ಪುಸ್ತಕದಲ್ಲಿ ಗುಣಪಾಲ, ಮಗಳ ಕಾಲೇಜಿನಲ್ಲಿ ‘ಮಾನಸೀ ಕೀ ಮಮ್ಮಿ’. ಒಮ್ಮೆ, ಒಂದೇ ಒಂದು ಸಲ, ತನ್ನ ಹೆಸರು ತನ್ನದೇ ವಸ್ತುವಿನ ಪಕ್ಕದಲ್ಲಿ ನಿಂತದ್ದನ್ನು ಕಿವಿಯಾರೆ ಕೇಳಬೇಕೆಂಬುದಷ್ಟೇ ಅವಳ ಆಸೆ.

ಬೆಳಿಗ್ಗೆಯೇ ಮೇಲಿನ ಮಹಡಿಯ ಜಯಲತಾ ಇಳಿದು ಬಂದಳು. ಮಹಿಳಾ ಭಜನಾ ಮಂಡಳಿಯ ಅಧ್ಯಕ್ಷೆ ಅವಳು. ಅಧ್ಯಕ್ಷೆಯಾದ ಮೇಲೆ ಲಿಫ್ಟಿಗೂ ಅಪ್ಪಣೆ ಕೊಡುವ ಧ್ವನಿ ಬಂದಿತ್ತು.

“ಉಮಾ, ಆ ಸತ್ತ ಕೀ ಇವತ್ತೇ ರಿಪೇರಿ ಮಾಡಿಸಿಕೊಂಡು ಬಾ ಮಾರಾಯ್ತಿ. ಸ್ಟೇಜಿನಲ್ಲಿ ನಿನ್ನ ಬೆರಳು ಹಾರುವುದು ಕಂಡರೆ ಮರ್ಯಾದೆ ಉಂಟಾ?”

“ನನಗೆ ಅಭ್ಯಾಸ ಆಗಿದೆ ಜಯಕ್ಕ...”

“ನಿನಗೆ ಆಗಿದೆ, ಜಡ್ಜಿಗೆ ಆಗಿದೆಯಾ?”

ಉಮಾವತಿ ಹಾರ್ಮೋನಿಯಂ ಪೆಟ್ಟಿಗೆಗೆ ಹಳೇ ಚಾದರ ಸುತ್ತತೊಡಗಿದಳು. ಆಗ ಬಚ್ಚಲುಮನೆಯಿಂದ ನೀರಿನ ಸದ್ದಿನ ಜೊತೆ ಗುನುಗು ಕೇಳಿತು. ಅವಳದೇ ಧಾಟಿಯ ಮೊದಲ ಸಾಲು! ಗಂಡ ಗುಣಪಾಲ ಸ್ಟೇಷನ್ ಹತ್ತಿರದ ಹೋಟೆಲಿನ ಮ್ಯಾನೇಜರು. ಸಾಂಬಾರಿನ ಪರಿಮಳ ಬಿಟ್ಟರೆ ಬೇರಾವುದಕ್ಕೂ ತಲೆದೂಗದ ಮನುಷ್ಯ. ಉಮಾವತಿಗೆ ಕಣ್ಣು ತುಂಬಿ ಬಂತು.

“ಚಂದ ಉಂಟಾ ಈ ಧಾಟಿ?” ಬಾಗಿಲ ಹೊರಗಿನಿಂದಲೇ ಕೇಳಿದಳು.

“ಚಂದ ಇಲ್ಲದೆ ಎಂತ? ನಮ್ಮ ಊರಿನ ಮಂದಿರದ್ದಲ್ವಾ. ಸಣ್ಣದಿರುವಾಗ ಅಜ್ಜನ ತೊಡೆಯಲ್ಲಿ ಕೂತು ಕೇಳಿದ್ದು.”

ಅವಳ ಕೈಯಿಂದ ಚಾದರ ಜಾರಿತು. “ಇದು ನಾನು ಕಟ್ಟಿದ್ದು!”

“ನೀನಾ?” ನೀರು ನಿಂತಿತು. “ಇರಲಿಕ್ಕಿಲ್ಲ. ಮಗಳನ್ನು ಕೇಳು.”

ಮಾನಸಿ ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು: “ಸಚ್ ಬೋಲೂಂ ಮಮ್ಮೀ? ಸುನಾ ಹುವಾ ಲಗ್ತಾ ಹೈ. ಬಚಪನ್ ಸೇ.” ಅವಳಿಗೂ ಚಿಕ್ಕಂದಿನಿಂದ ಕೇಳಿದ ಹಾಗೆ ಇದೆಯಂತೆ.

ಕೆಳಗಿಳಿದರೆ, ನೆಲಮಹಡಿಯ ಬಾಗಿ ಎಂಬಾಕೆ ತನ್ನ ಮನೆಯ ಹೊಸಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತ ಅದೇ ಸಾಲನ್ನು ಹಾಡಿಕೊಳ್ಳುತ್ತಿದ್ದಳು. ವಿಜಾಪುರ ಕಡೆಯವಳು, ಮಂಡಳಿಯಲ್ಲಿ ತಾಳ ಬಾರಿಸುವವಳು, ಎಲ್ಲಿಗೆ ಹೋದರೂ ಸೆರಗಿನ ಮರೆಯಲ್ಲಿ ತಿಂಡಿಯ ಡಬ್ಬಿ.

“ಬಾಗಿ, ಇದು ನಿಂಗೆ ಎಲ್ಲಿ ಸಿಕ್ಕಿತು?”

“ಎಲ್ಲಿ ಅಂದ್ರ ಏನ್ರಿ ಅಕ್ಕಾರ? ನಮ್ಮ ಅಮ್ಮ ಬೀಸೋಕಲ್ಲಿನ ಮುಂದ ಕುಂತು ಹಾಡತಿದ್ಲಲ್ರಿ. ನೀವು ದಿನಾ ಬಾರಸೂದು ಕೇಳಿ ನೆನಪಾತು. ನನಗ ಅನಸ್ತು, ಅಕ್ಕಾರು ನಮ್ಮ ಕಡೆ ಹಾಡ ಎಷ್ಟ ಚಂದ ಕಲ್ತಾರ ಅಂತ!”

ಕರಾವಳಿಯ ಮಂದಿರದಲ್ಲೂ ಇದೆ, ವಿಜಾಪುರದ ಬೀಸುಕಲ್ಲಿನಲ್ಲೂ ಇದೆ. ಹಾಗಾದರೆ ತನ್ನಲ್ಲಿ ಹುಟ್ಟಿದ್ದು ಎಲ್ಲಿ? ರಿಕ್ಷಾದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ಉಮಾವತಿಗೆ, ಕದ್ದ ಮಗುವನ್ನು ಹೊತ್ತೊಯ್ಯುತ್ತಿದ್ದೇನೆ ಅನ್ನಿಸತೊಡಗಿತು.

ಟ್ರೇನಿನಲ್ಲಿ ಬೇರೆ ಅವತಾರ. “ಕ್ಯಾ ಹೈ ಚಾದರ್ ಮೇ? ಸಿಲಿಂಡರ್?” ಎಂದು ಒಬ್ಬಳು ದೂರ ಸರಿದಳು. ಇನ್ನೊಬ್ಬಳು ಅದನ್ನು ಸ್ಟೂಲು ಅಂದುಕೊಂಡು ಅದರ ಮೇಲೇ ಕೂತಳು. ಕೂತದ್ದೇ ತಿದಿಯಿಂದ ‘ಭೋಂಯ್’ ಎಂದು ಹೊರಟ ಸದ್ದಿಗೆ ಇಡೀ ಡಬ್ಬಿ ಅವಳ ಕಡೆ ತಿರುಗಿತು. ಪಾಪ, ವಿಠ್ಠಲವಾಡಿಯಲ್ಲೇ ಇಳಿದುಹೋದಳು.

ಉಲ್ಹಾಸನಗರದ ಸಂದಿಯಲ್ಲಿ ವಾದ್ಯ ರಿಪೇರಿಯ ಶಂಭು ಸೇಠ್, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಪೆಟ್ಟಿಗೆ ಬಿಚ್ಚಿದರು. ಮೂಕ ಕೀಯನ್ನು ಎತ್ತಿ, ಚಿಮ್ಮಟದಿಂದ ಅದರ ಕೆಳಗಿನದ್ದನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಒಂದು ಚೂರು ಚಕ್ಕುಲಿ. ಕಲ್ಲಾಗಿ ಹೋಗಿತ್ತು, ಮುಳ್ಳು ಮಾತ್ರ ಹಾಗೇ ಇತ್ತು.

ಉಮಾವತಿ ನಾಚಿದಳು. ಯಾವುದೋ ಅಷ್ಟಮಿಯ ಪ್ರಾಕ್ಟೀಸಿನ ದಿನ ಬಾಗಿ ಪ್ಲೇಟು ಇಟ್ಟದ್ದು ಇದೇ ಪೆಟ್ಟಿಗೆಯ ಮೇಲೆ. ಶಂಭು ಸೇಠ್ ಚೂರನ್ನು ಬೀದಿಗೆ ಎಸೆದರು; ಕಾದು ಕೂತ ಕಾಗೆಯೊಂದು ಅದನ್ನೆತ್ತಿಕೊಂಡು ಹಾರಿಹೋಯಿತು. ಸೇಠ್ ಕೀ ಒತ್ತಿ ನೋಡಿದರು. ಇಂಪಾದ ಸ್ವರ ಹೊರಟಿತು. ಸಂತೋಷದಿಂದ ತಿದಿ ಹಾಕಿ ಒಂದು ಸಾಲು ನುಡಿಸಿದರು.

ಅದೇ ಸಾಲು!

“ಯೇ... ಯೇ ಆಪ್ ಕೋ ಕೈಸೇ ಮಾಲೂಮ್?” ಇದು ಇವರಿಗೆ ಹೇಗೆ ಗೊತ್ತು ಎಂದು ಉಮಾವತಿ ಮುಂದಕ್ಕೆ ಬಾಗಿದಳು.

“ಅರೇ ಬೆಹೆನ್‌ಜೀ, ಬಹುತ್ ಪುರಾನಾ ಭಜನ್ ಹೈ. ಗಾಡೀ ಮೇ ಮಂಡಲೀವಾಲೇ ರೋಜ್ ಗಾತೇ ಹೈಂ.”

ಅಲ್ಲಿಗೆ ಮುಗಿಯಿತು. ಬಹಳ ಹಳೆಯ ಭಜನೆಯಂತೆ, ಜಾಲರಿಯ ಆಚೆಯ ಗಂಡಸರು ದಿನವೂ ಹಾಡುತ್ತಾರಂತೆ. ಯಾವುದೋ ವರ್ಷ ಕಿವಿಯಲ್ಲಿ ಬಿದ್ದದ್ದು ಮನಸ್ಸಿನಲ್ಲಿ ಅಡಗಿ ಕೂತು, ಈಗ ತನ್ನದೆಂಬ ವೇಷ ಹಾಕಿ ಬಂದಿದೆ! ಕಲ್ಯಾಣದ ಸಭಾಂಗಣಕ್ಕೆ ಬಂದವಳೇ ಜಯಲತಾಳ ಕೈ ಹಿಡಿದುಕೊಂಡಳು.

“ಜಯಕ್ಕ, ನನ್ನ ಧಾಟಿ ಬೇಡ. ಹೆಸರು ತೆಗೆಸು. ಯಾವಾಗಲೂ ಹಾಡುವ ಮಂಗಳಾರತಿಯನ್ನೇ ಹಾಡುವ.”

“ಎಂತ ಮಾರಾಯ್ತಿ, ಬಣ್ಣ ಹಚ್ಚಿ ಆದ ಮೇಲೆ ವೇಷ ಬೇಡ ಅಂದ್ರೆ?” ಎಂದ ಜಯಲತಾ ಸ್ವಲ್ಪ ತಡೆದು, “ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ನನಗೂ ಎಲ್ಲೋ ಕೇಳಿದ ಹಾಗೆ ಅನ್ನಿಸ್ತಿತ್ತು. ನಿನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ” ಎಂದಳು.

ಮಂಗಳಾರತಿ ಮುಗಿಯಿತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಉಮಾವತಿ ಪೆಟ್ಟಿಗೆ ಮಡಚಿ ಮೊದಲ ಸಾಲಿನಲ್ಲಿ ಬಂದು ಕೂತಳು. ಎದೆ ಖಾಲಿಯಾಗಿತ್ತು, ಆದರೆ ಕಳ್ಳತನ ತಪ್ಪಿದ ನಿರಾಳವೂ ಇತ್ತು.

ಕೊನೆಯ ಸರದಿ ‘ಲೋಕಲ್ ಭಜನಾ ಮಂಡಳಿ’ಯದು. ಮುಂದಾಳು ಸರ್ವೋತ್ತಮ, ಉಮಾವತಿಯ ಎದುರು ಬಾಗಿಲಿನವರು. ದಿನವೂ ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಹೊಸಿಲ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತ ಅರ್ಧ ಗಂಟೆ ಕಳೆಯುವವರು. ಅವರು ತಾಳ ಎತ್ತಿದರು. ಹಾಡು ಶುರುವಾಯಿತು. ಅದೇ ಧಾಟಿ.

ಉಮಾವತಿ ಕಣ್ಣು ಮುಚ್ಚಿದಳು. ಅಬ್ಬ, ಎಷ್ಟು ಚಂದ! ಮೊದಲ ಸಾಲು ಹೋಯಿತು, ಎರಡನೆಯ ಸಾಲು ಏರಿತು. ಏರಿದ್ದು ಫಕ್ಕನೆ ನಿಂತಿತು. ಢೋಲಕ್ಕು ನಿಂತಿತು, ತಾಳ ನಿಂತಿತು, ಅಷ್ಟೂ ಗಂಡಸರು ಉಸಿರು ಹಿಡಿದು ಹೊಂಡದ ಅಂಚಿನಲ್ಲಿ ನಿಂತರು. ಆಮೇಲೆ ಎಲ್ಲರೂ ಒಟ್ಟಿಗೆ ಟಣ್ಣನೆ ಆಚೆ ಹಾರಿದರು.

ಉಮಾವತಿ ಕಣ್ಣು ಬಿಟ್ಟಳು. ತೊಡೆಯ ಮೇಲಿದ್ದ ಅವಳ ಬೆರಳು ಗಾಳಿಯಲ್ಲಿ ಎದ್ದು ನಿಂತಿತ್ತು.

ಆ ಹೊಂಡ! ಅದು ಯಾವ ಅಜ್ಜನದೂ ಅಲ್ಲ, ಯಾವ ಬೀಸುಕಲ್ಲಿನದೂ ಅಲ್ಲ. ಅದು ಚಕ್ಕುಲಿಯದು! ತಾನು ದಾಟಿದ್ದನ್ನು ಎದುರು ಬಾಗಿಲಿನ ಬೂಟು ಕೇಳಿಸಿಕೊಂಡಿದೆ, ಬೂಟು ಟ್ರೇನಿಗೆ ಒಯ್ದಿದೆ, ಟ್ರೇನು ಉಲ್ಹಾಸನಗರಕ್ಕೆ ಮುಟ್ಟಿಸಿದೆ. ಮನೆಯವರಿಗೂ ಬಾಗಿಗೂ ದಿನಾ ಕೇಳಿ ಕೇಳಿ ಅದೇ ಬಾಲ್ಯದ ನೆನಪಾಗಿಬಿಟ್ಟಿದೆ. ಧಾಟಿ ನನ್ನದೇ!

ಅಷ್ಟರಲ್ಲಿ ತೀರ್ಪುಗಾರ ಧರ್ಮಪಾಲ ಮಾಸ್ತರರು ಮೈಕು ಹಿಡಿದಿದ್ದರು. “ಪ್ರಥಮ ಬಹುಮಾನ ಲೋಕಲ್ ಭಜನಾ ಮಂಡಳಿಗೆ. ಆ ಎರಡನೇ ಸಾಲಿನ ಮೌನ ಕೇಳಿದಿರಾ? ಅಂಥ ಮೌನ ತಲೆಮಾರುಗಟ್ಟಲೆ ಹಾಡಿದ ಧಾಟಿಗೆ ಮಾತ್ರ ಬರುತ್ತದೆ! ಇನ್ನು ಸ್ವಂತ ಧಾಟಿಯ ಬಹುಮಾನ. ಒಬ್ಬರೇ ಹೆಸರು ಕೊಟ್ಟಿದ್ದರು, ಅವರೂ ಹಿಂದೆ ತೆಗೆದುಕೊಂಡದ್ದರಿಂದ ಈ ವರ್ಷ ಯಾರಿಗೂ ಇಲ್ಲ.”

ಉಮಾವತಿ ಸ್ಪ್ರಿಂಗಿನ ಹಾಗೆ ಎದ್ದಳು. “ಸಾರ್, ಅದು ನನ್ನ ಧಾಟಿ! ಆ ಮೌನ ಇದೆಯಲ್ಲ, ಅದು ಮೌನ ಅಲ್ಲ, ನನ್ನ ಹಾರ್ಮೋನಿಯಂನ ಕೀ ಕೆಟ್ಟದ್ದು!”

ಸಭೆ ಗೊಳ್ಳೆಂದಿತು. ಸರ್ವೋತ್ತಮರು ಕೈಮುಗಿದರು. “ಎಂತ ಉಮಾವತಿಯಕ್ಕ, ಹಿರಿಯರು ದೇವರ ಎದುರು ಉಸಿರು ತೆಗೆದುಕೊಂಡ ಜಾಗ ಅದು. ಕೀ ಕೆಟ್ಟದ್ದು ಅನ್ನುವುದಾ?”

“ಇಲ್ಲಿ ನೋಡಿ, ತೋರಿಸ್ತೇನೆ. ಈ ಕೀ ಕೆಳಗೆ ಇಳಿಯುವುದೇ ಇಲ್ಲ!” ಎಂದವಳು ಆವೇಶದಲ್ಲಿ ಪೆಟ್ಟಿಗೆಯನ್ನು ವೇದಿಕೆಗೆ ಒಯ್ದು ಬಿಚ್ಚಿ, ತಿದಿ ಹಾಕಿ, ಮೈಕಿನ ಮುಂದೆ ಬೆರಳು ಒತ್ತಿದಳು.

ಸಭಾಂಗಣದ ತುಂಬ ಜೇನಿನಂಥ ಸ್ವರ ಹರಡಿತು.

“ಹಾರ್ಮೋನಿಯಂ ಬಹಳ ಚೆನ್ನಾಗಿದೆಯಮ್ಮ” ಎಂದರು ಧರ್ಮಪಾಲ ಮಾಸ್ತರರು ಮೃದುವಾಗಿ. ಸಾಕ್ಷಿ ಹೇಳಬೇಕಾದ ಚಕ್ಕುಲಿ ಉಲ್ಹಾಸನಗರದ ಕಾಗೆಯ ಹೊಟ್ಟೆಯಲ್ಲಿತ್ತು.

ವಾಪಸು ಹೋಗುವಾಗ ಎರಡೂ ಮಂಡಳಿಗಳಿಗೆ ಒಂದೇ ಟ್ರೇನು. ಲೇಡೀಸ್ ಡಬ್ಬಿಯಲ್ಲಿ ಉಮಾವತಿ ಜಾಲರಿಯ ಪಕ್ಕದಲ್ಲೇ ಕೂತಳು. ಬಾಗಿ ತಿಂಡಿಯ ಡಬ್ಬಿ ತೆರೆದು ಹಂಚತೊಡಗಿದಳು. ಆಚೆ ಗೆದ್ದ ಗಂಡಸರು ಮತ್ತೆ ಅದನ್ನೇ ಎತ್ತಿಕೊಂಡರು. ಸರ್ವೋತ್ತಮರು ಜಾಲರಿಗೆ ಮುಖ ಹಚ್ಚಿ ದೊಡ್ಡ ಮನಸ್ಸು ಮಾಡಿದರು: “ಉಮಾವತಿಯಕ್ಕ, ಬೇಜಾರು ಬೇಡ. ನೀವೂ ಬಾರಿಸಿ. ನಾವು ಕಲಿಸಿಕೊಡ್ತೇವೆ!”

ಉಮಾವತಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಸ್ವಲ್ಪ. ಆದರೆ ಜಾಲರಿಯ ಆಚೆ ಇಷ್ಟು ಜನ ಕಣ್ಣು ಮುಚ್ಚಿ ಹಾಡುತ್ತಿದ್ದಾರೆ, ಈಚೆ ಗುರುತಿಲ್ಲದ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದಾರೆ, ಮೀನಿನ ಬುಟ್ಟಿಯವಳೊಬ್ಬಳು ತಲೆದೂಗುತ್ತಿದ್ದಾಳೆ. ವರ್ಷಗಟ್ಟಲೆ ಈ ಜಾಲರಿಯಿಂದ ಪಡೆದದ್ದು ಈಗ ಜಾಲರಿಯ ಆಚೆಯಿಂದ ತಿರುಗಿ ಬರುತ್ತಿದೆ. ಅವಳ ಕೈ ತಾನಾಗಿ ತಿದಿಗೆ ಹೋಯಿತು.

ಮೊದಲ ಸಾಲು ನುಡಿಸಿದಳು. ಎರಡನೆಯದು ಏರಿತು. ಈಗ ಹೊಂಡವಿರಲಿಲ್ಲ, ಬೆರಳು ರಿಪೇರಿಯಾದ ಕೀಯ ಮೇಲೆ ಜಾರಿ ಸಲೀಸಾಗಿ ದಾಟಿತು. ತಾನು ಕಟ್ಟಬೇಕೆಂದಿದ್ದ ಧಾಟಿ ಹೀಗಿತ್ತೇ ಎಂದು ಅವಳೇ ಮೊದಲ ಸಲ ಕೇಳಿಸಿಕೊಂಡಳು.

“ಅಯ್ಯಯ್ಯೋ ನಿಲ್ಲಿಸಿ!” ಜಾಲರಿಯಿಂದ ಸರ್ವೋತ್ತಮರು ಕೂಗಿದರು. “ಅಲ್ಲಿ ನಿಲ್ಲಬೇಕು! ಹಳೇ ಧಾಟಿ ಹಾಳು ಮಾಡಬೇಡಿ!”

“ಹೌದ್ರಿ ಅಕ್ಕಾರ,” ಬಾಗಿಯೂ ದನಿಗೂಡಿಸಿದಳು, “ನಮ್ಮ ಅಮ್ಮ ಅಲ್ಲೇ ನಿಲ್ಲತಿದ್ಲು.”

“ಸರಿಯಾಗಿ ಬಾರಿಸು ಉಮಾ” ಎಂದಳು ಅಧ್ಯಕ್ಷೆ.

ಮತ್ತೆ ನುಡಿಸಿದಳು, ಮತ್ತೆ ಬೆರಳು ಜಾರಿತು, ಮತ್ತೆ ಇಡೀ ಡಬ್ಬಿ ‘ಛೇ ಛೇ’ ಎಂದಿತು. ಉಮಾವತಿ ತಿದಿಯಿಂದ ಕೈ ತೆಗೆದಳು. ಆಮೇಲೆ ಬಾಗಿಯ ಡಬ್ಬಿಗೆ ಕೈಹಾಕಿ ಒಂದು ಚಕ್ಕುಲಿ ತೆಗೆದಳು. ಅರ್ಧ ಬಾಯಿಗೆ ಹಾಕಿಕೊಂಡಳು. ಉಳಿದದ್ದರಿಂದ ಒಂದು ಚೂರು ಮುರಿದು, ಯಾರೂ ನೋಡದ ಹಾಗೆ, ಆ ಬಿಳಿ ಕೀಯ ಕೆಳಗೆ ಸಿಕ್ಕಿಸಿದಳು.

ಎರಡನೆಯ ಸಾಲು ಏರಿತು, ನಿಂತಿತು, ಟಣ್ಣನೆ ಹಾರಿತು.

“ಆಹಾ!” ಎಂದರು ಸರ್ವೋತ್ತಮರು ಜಾಲರಿಯ ಆಚೆಯಿಂದ. “ನೋಡಿ, ಕಲಿತರೆ ಬರ್ತದೆ!”